ಉರಿಯಿಲ್ಲದ ಉರಿಯೂತ

೪ ಜನವರಿ

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಬರಹವೊಂದನ್ನು ತಿದ್ದಿಕೊಡಿ ಎಂದು ಫೋನಿನಲ್ಲಿ ಕೇಳಿದರೆ "ಫೋನಿನಲ್ಲಿ ಕಾಗುಣಿತ ಕಾಣಿಸುವುದಿಲ್ಲ, ಬರೆದು ಕಳಿಸು" ಎಂದಿರಿ. ಬರೆದು ಕಳಿಸಿದ್ದೇನೆ. ನಮ್ಮ ಆಸ್ಪತ್ರೆಯ ಮೂತ್ರಪಿಂಡ ವಿಭಾಗದಿಂದ ಸಕ್ಕರೆ ಕಾಯಿಲೆಯವರಿಗೆ ಹಂಚಲು ಒಂದು ಕೈಪಿಡಿ ಆಗಬೇಕು. ಇರುವ ಡಾಕ್ಟರುಗಳಲ್ಲಿ ಕನ್ನಡವನ್ನು ನೆಟ್ಟಗೆ ಬರೆಯುವವಳು ನಾನೊಬ್ಬಳೇ ಎಂದು ನಮ್ಮ ಹಿರಿಯರು ಇದನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಾನು ಯಾರ ಕೈಯಲ್ಲಿ ಕಲಿತವಳೆಂದು ಅವರಿಗೆ ಗೊತ್ತು. ನನ್ನ ಪುಸ್ತಕಗಳ ಮೇಲೆ ಆ ಕೈ ಎಷ್ಟು ಕೆಂಪು ಶಾಯಿ ಸುರಿಯಿತೆಂದು ಗೊತ್ತಿಲ್ಲ.

ಹೇಳಬೇಕಾದುದು ಇಷ್ಟು. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ದೇಹದ ಕಾವಲು ಪಡೆ ಸುಮ್ಮನಿರುವುದಿಲ್ಲ. ಶತ್ರುವಿಲ್ಲದಿದ್ದರೂ ಒಳಗೊಳಗೇ ಕೆರಳಿ ನಿಂತಿರುತ್ತದೆ. ನಾವು ಉರಿಯೂತ ಎನ್ನುವುದು ಇದನ್ನೇ. ಮೂತ್ರಪಿಂಡದ ಸೋಸುವ ಜರಡಿಗಳು ಇದರಿಂದ ಗಾಯಗೊಂಡು, ಗಾಯ ಮಾಯ್ದ ಕಡೆ ಗಡುಸಾಗಿ, ಕಡೆಗೆ ಸೋಸುವುದನ್ನೇ ಬಿಡುತ್ತವೆ. ಈ ನಡುವೆ ರೋಗಿಗೆ ಒಂದು ಸಣ್ಣ ನೋವೂ ಇರುವುದಿಲ್ಲ. ಮೂರನೆಯ ಪುಟದಲ್ಲಿ "ಉರಿಯೂತವನ್ನು ಹತೋಟಿಯಲ್ಲಿ ಇಟ್ಟುಕೊಂಡರೆ ಮೂತ್ರಪಿಂಡ ಉಳಿಯುತ್ತದೆ" ಎಂದು ಬರೆದಿದ್ದೇನೆ. ವಾಕ್ಯ ಸಪ್ಪೆಯಾಯಿತೇನೋ, ನೋಡಿ.

ಇನ್ನೊಂದು ಮಾತು. ನಿಮಗೂ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆದವು. ಮೂತ್ರ ಪರೀಕ್ಷೆ ಮಾಡಿಸಿದಿರಾ? ಹೋದ ಸಲವೂ ಕೇಳಿದ್ದೆ.

ನಿಮ್ಮ ಮಗಳು


೧೯ ಜನವರಿ

ಚಿ. ಕೊಂಬುಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಕ್ಷೇಮ. ಅಲ್ಲಿಯೂ ಕ್ಷೇಮವೆಂದು ನಂಬಿದ್ದೇನೆ.

ಬಾಲ್ಯದಲ್ಲಿ ನೀನು ಬೇಕಾದ ಬೇಡವಾದ ಅಕ್ಷರಗಳಿಗೆಲ್ಲ ಕೊಂಬು ಕೊಡುತ್ತಿದ್ದೆ. ಆ ಕಾರಣಕ್ಕೆ ಬಂದ ಹೆಸರು ಡಾಕ್ಟರಾದ ಮೇಲೂ ನಿನಗೆ ಒಪ್ಪುತ್ತದೆ. ಎರಡನೆಯ ಪುಟದಲ್ಲಿ ಮೂರು ಕೊಂಬುಗಳನ್ನು ಕತ್ತರಿಸಿದ್ದೇನೆ.

'ಉರಿಯೂತ' ಎಂಬ ಪದದ ಬಗ್ಗೆ. ಉರಿ ಮತ್ತು ಊತ ಸೇರಿ, ನಡುವೆ ಯಕಾರ ಬಂದು ಆದ ಪದ. ಸಂಧಿಯೇನೋ ನಿರ್ದುಷ್ಟವಾಗಿದೆ. ಆದರೆ ನೀನೇ ಹೇಳುವಂತೆ ಈ ಕಾಯಿಲೆಯಲ್ಲಿ ಉರಿಯೂ ಇಲ್ಲ, ಮೊದಮೊದಲು ಊತವೂ ಇಲ್ಲ. ಎರಡೂ ಇಲ್ಲದ ಕಡೆ ಎರಡನ್ನೂ ಹೇಳುವ ಪದವನ್ನು ಇಡುತ್ತೀಯಲ್ಲ! ಬೇರೆ ಪದ ನನಗೂ ತೋಚದ ಕಾರಣ ಇದನ್ನು ಉಳಿಸಿದ್ದೇನೆ. ಕೋಶವೂ ಇದನ್ನೇ ಹೇಳುತ್ತದೆ.

ಮೂರನೆಯ ಪುಟದ ವಾಕ್ಯ ಸಪ್ಪೆಯಲ್ಲ, ಒರಟು. 'ಹತೋಟಿಯಲ್ಲಿ ಇಟ್ಟುಕೊಳ್ಳುವುದು' ತುಂಟ ಮಕ್ಕಳನ್ನು, ಕೆರಳಿದ್ದನ್ನು ಶಮನಗೊಳಿಸುತ್ತೇವೆ. ಆದ್ದರಿಂದ "ಉರಿಯೂತವನ್ನು ಶಮನಗೊಳಿಸಿದರೆ ಮೂತ್ರಪಿಂಡ ಉಳಿಯುತ್ತದೆ" ಎಂದು ತಿದ್ದಿದ್ದೇನೆ. ಕಡೆಯ ಪುಟದಲ್ಲಿ "ವೈದ್ಯರನ್ನು ಕೇಳಿ" ಎಂದು ಎರಡು ಬಾರಿ ಬಂದಿದೆ. ಪುನರುಕ್ತಿ. ಒಂದನ್ನು ಹೊಡೆದುಹಾಕಿದ್ದೇನೆ.

ಇಂಥ ಕೆಲಸ ನನಗೆ ಹೊಸದಲ್ಲ. ನಮ್ಮ ಬೀದಿಯ ಔಷಧದಂಗಡಿಯವರು ಕಳೆದ ವರ್ಷ ಬಂದು, "ಟೀಚರೇ, ಡಬ್ಬಿ ಮೇಲೆ ಅಂಟಿಸೋಕೆ ಕನ್ನಡದಲ್ಲಿ ಚೀಟಿ ಬರ್ಕೊಡಿ, ಜನ ಓದೋಕಾಗಲ್ಲ ಅಂತಾರೆ" ಎಂದು ಕೇಳಿದ್ದರು. ಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲವನ್ನೂ ಬರೆದುಕೊಟ್ಟೆ. ಈಗ ಅಲ್ಲಿಗೆ ಹೋದರೆ ಕಪಾಟಿನ ತುಂಬ ನನ್ನ ಕನ್ನಡ.

ಪರೀಕ್ಷೆಯ ವಿಷಯ ಕೇಳಿದ್ದೀಯೆ. ಪರೀಕ್ಷೆ ಮಾಡುವುದು ನನ್ನ ವೃತ್ತಿಯಾಗಿತ್ತು. ಮಾಡಿಸಿಕೊಳ್ಳುವ ಆತುರ ನನಗಿಲ್ಲ.

ಆಶೀರ್ವಾದಗಳೊಂದಿಗೆ,
ದೊಡ್ಡಮ್ಮ


೨ ಫೆಬ್ರವರಿ

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ತಿದ್ದುಪಡಿಗಳನ್ನೆಲ್ಲ ಹಾಗೆಯೇ ಒಪ್ಪಿಕೊಂಡಿದ್ದೇನೆ. 'ಶಮನಗೊಳಿಸಿದರೆ' ಎಂದಾಗ ವಾಕ್ಯಕ್ಕೆ ಒಂದು ಗಾಂಭೀರ್ಯ ಬಂತು. ಹಿರಿಯ ಡಾಕ್ಟರು ಓದಿ, "ನಿಮ್ಮ ದೊಡ್ಡಮ್ಮನ್ನ ಇಲ್ಲಿಗೇ ಕರ್ಕೊಂಡ್ಬಂದುಬಿಡಿ" ಎಂದರು. ಬೇಡ ಸಾರ್, ನಿಮ್ಮ ಔಷಧದ ಚೀಟಿಗಳಿಗೆಲ್ಲ ಅಂಕ ಹಾಕುತ್ತಾರೆ ಎಂದೆ.

ಪದದ ಬಗೆಗಿನ ನಿಮ್ಮ ಆಕ್ಷೇಪಣೆ ವಾರ್ಡಿನಲ್ಲಿ ಆಗಲೇ ಸಾಬೀತಾಯಿತು. ಕರಡನ್ನು ಒಬ್ಬ ಬಸ್ ಚಾಲಕರಿಗೆ ಓದಲು ಕೊಟ್ಟಿದ್ದೆ. ಅವರ ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಕೆಟ್ಟಿದೆ. ಶ್ರದ್ಧೆಯಿಂದ ಓದಿ ಹಿಂದಕ್ಕೆ ಕೊಟ್ಟರು.

"ಇದು ನಂದಲ್ಲ ಡಾಕ್ಟ್ರೇ. ಪಕ್ಕದ ಮಂಚದವರಿಗೆ ಕೊಡಿ."

"ಯಾಕೆ?"

"ನನಗೆ ಉರಿನೂ ಇಲ್ಲ, ಊತಾನೂ ಇಲ್ಲ. ಅವ್ರಿಗೆ ನೋಡಿ, ಕಾಲು ಹೆಂಗೆ ಊದಿದೆ. ಕಿಡ್ನಿ ತೊಂದ್ರೆ ಅಂತ ಇದ್ದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ? ಇಂಜಿನ್ ಕೆಟ್ರೆ ಸದ್ದು ಬರತ್ತೆ."

ಸದ್ದೇ ಬಾರದ ಇಂಜಿನ್ನು ಇದು ಎಂದು ತಿಳಿಸಿ ಹೇಳುವಷ್ಟರಲ್ಲಿ ಊಟದ ಗಾಡಿ ಬಂತು.

ಕೈಪಿಡಿ ಮಾರ್ಚ್ ಕೊನೆಗೆ ಮುದ್ರಣಕ್ಕೆ ಹೋಗಬೇಕು. ಕರಡಚ್ಚು ಬಂದ ಕೂಡಲೇ ಕಳಿಸುತ್ತೇನೆ. ಸಕ್ಕರೆಯ ಮಾತ್ರೆ ತಪ್ಪಿಸಬೇಡಿ. ಮೂತ್ರ ಪರೀಕ್ಷೆ? ಮೂರನೆಯ ಸಲ ಕೇಳುತ್ತಿದ್ದೇನೆ. ಇದು ಪುನರುಕ್ತಿಯಲ್ಲ.

ನಿಮ್ಮ ಮಗಳು


೨೧ ಫೆಬ್ರವರಿ

ಚಿ. ಕೊಂಬುಗೆ ಆಶೀರ್ವಾದಗಳು.

ಇಲ್ಲಿ ಕ್ಷೇಮ. ಅಲ್ಲಿಯೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಚಾಲಕರು ಓದಿ ಹಿಂದಕ್ಕೆ ಕೊಟ್ಟರು. ನಾನು ಓದಿ ಪಾಲಿಸಿದೆ; ಓದುಗರಲ್ಲಿ ಅದೇ ವ್ಯತ್ಯಾಸ. ಕೈಪಿಡಿ ಅಚ್ಚಾಗುವ ಮೊದಲೇ ಅದರಂತೆ ನಡೆಯುತ್ತಿರುವ ಮೊದಲ ರೋಗಿ ಎಂದು ನನ್ನನ್ನು ಬರೆದುಕೋ.

ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಮಾತ್ರೆ ಎಣಿಸಿ ಲಘು ಗುರು ಹಾಕುವುದನ್ನು ನಿವೃತ್ತಿಯವರೆಗೂ ಮಕ್ಕಳಿಗೆ ಕಲಿಸಿದವಳು ನಾನು, ನನಗೆ ಮಾತ್ರೆ ತಪ್ಪುವುದುಂಟೆ? ಫಲವನ್ನೂ ಕಾಣುತ್ತಿದ್ದೇನೆ. ಲಿಫ್ಟು ಕೆಟ್ಟು ನಿಂತಿದ್ದರೂ ಮೂರು ಮಹಡಿ ಸಲೀಸಾಗಿ ಹತ್ತಿ ಬರುತ್ತೇನೆ, ಮಂಡಿಗಳು ಹಗುರವಾಗಿವೆ. ಕೆಳಗಿನ ಮನೆಯ ಹೊಲಿಗೆಯವರು, "ಏನ್ ಟೀಚರೇ, ವಯಸ್ಸು ಹಿಂದಕ್ಕೆ ಹೋಗ್ತಿದೆಯಾ?" ಎಂದು ಕೇಳಿದರು. ಶಾಸ್ತ್ರವನ್ನು ಸರಿಯಾಗಿ ಓದಿಕೊಂಡರೆ ಹೋಗುತ್ತದೆ ಎಂದೆ.

ಇನ್ನು ಪರೀಕ್ಷೆಗೇನು ಅವಸರ? ಶಮನವಾಗುತ್ತಿರುವುದನ್ನು ಶಮನವಾದ ಮೇಲೆ ನೋಡಿದರೆ ಸಾಕು.

ದೊಡ್ಡಮ್ಮ


೭ ಮಾರ್ಚ್

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಮನ್ನಿಸಿ. ನಿಮ್ಮ ಕಾಗದ ಓದಿ ಎಷ್ಟು ಸಂತೋಷವಾಯಿತೆಂದರೆ ಅಮ್ಮನಿಗೂ ಫೋನು ಮಾಡಿ ಓದಿ ಹೇಳಿದೆ. ಸಕ್ಕರೆಯ ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದವರು ಈಗ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ, ಮಹಡಿ ಹತ್ತಿಳಿಯುತ್ತಿದ್ದೀರಿ. ತೂಕ ಇಳಿದು ಮಂಡಿ ಹಗುರವಾಗಿರಬೇಕು. ಹೀಗೇ ನಡೆಸಿ.

ಕರಡಚ್ಚು ಇದರೊಡನೆ ಇದೆ. ಹದಿನೈದು ದಿನದೊಳಗೆ ನೋಡಿ ಕಳಿಸಿದರೆ ಅಚ್ಚಿಗೆ ಕೊಡುತ್ತೇವೆ.

ನಿಮ್ಮ ಮಗಳು


೨೦ ಮಾರ್ಚ್

ಚಿ. ಕೊಂಬುಗೆ ಆಶೀರ್ವಾದಗಳು.

ಇಲ್ಲಿ ಕ್ಷೇಮ. ಅಲ್ಲಿಯೂ ಕ್ಷೇಮವೆಂದು ನಂಬಿದ್ದೇನೆ.

ಕರಡಚ್ಚನ್ನು ಎರಡು ಬಾರಿ ಓದಿದೆ. ಅಚ್ಚಿನ ದೋಷಗಳನ್ನು ಗುರುತಿಸಿದ್ದೇನೆ. ಇನ್ನು ಉಳಿದದ್ದು ಅರ್ಥದ ಒಂದು ಕೊರತೆ. ಉರಿಯೂತವನ್ನು ಶಮನಗೊಳಿಸಬೇಕೆಂದು ಮೂರನೆಯ ಪುಟ ಹೇಳುತ್ತದೆ. ಯಾವುದರಿಂದ ಎಂದು ಹೇಳುವುದೇ ಇಲ್ಲ! ಕರಣ ಕಾರಕವಿಲ್ಲದ ವಾಕ್ಯ ಅದು. ಸಾಮಾನ್ಯ ಓದುಗನನ್ನು ದಾರಿಯ ನಡುವೆ ಕೈಬಿಟ್ಟಂತಾಯಿತು. ನಾನೇ ಒಂದು ವಾಕ್ಯ ಸೇರಿಸಿದ್ದೇನೆ, ನೋಡು:

"ಇದಕ್ಕೆ ಬೇಕಾದ ಉರಿಯೂತ ಶಮನಕ ಮಾತ್ರೆಗಳು ಔಷಧದಂಗಡಿಗಳಲ್ಲಿ ದೊರೆಯುತ್ತವೆ; ದಿನಕ್ಕೆ ಎರಡು."

ಆ ಡಬ್ಬಿಯ ಮೇಲಿನ 'ಉರಿಯೂತ ಶಮನಕ' ಎಂಬ ಚೀಟಿ ಹೋದ ವರ್ಷ ನಾನೇ ಬರೆದದ್ದು. ಜನವರಿಯಲ್ಲಿ ನಿನ್ನ ವಾಕ್ಯವನ್ನು ತಿದ್ದಿ ಮುಗಿಸಿದ ಸಂಜೆ ಅಂಗಡಿಗೆ ಹೋಗಿದ್ದೆ. ಕಪಾಟಿನಲ್ಲಿ ನನ್ನ ಪದವೇ ನನ್ನನ್ನು ನೋಡುತ್ತಿತ್ತು. ಮಂಡಿನೋವಿನವರು ಕೊಳ್ಳುವುದು ಇದನ್ನೇ ಎಂದು ಗೊತ್ತಿತ್ತು. ಅದೇ ಮೂತ್ರಪಿಂಡಕ್ಕೂ ಆಗುತ್ತದೆಂದು ನಿನ್ನ ಕೈಪಿಡಿಯಿಂದ ತಿಳಿಯಿತು.

"ಡಾಕ್ಟ್ರು ಬರ್ದಿದಾರಾ ಟೀಚರೇ?" ಎಂದು ಅಂಗಡಿಯವರು ಕೇಳಿದರು.

"ನಮ್ಮ ತಂಗಿ ಮಗಳೇ ಡಾಕ್ಟ್ರು. ಬರ್ದೇ ಕಳ್ಸಿದಾಳೆ."

"ಹಾಗಾದ್ರೆ ಸರಿ ಬಿಡಿ."

ನಿಮ್ಮ ಹಿರಿಯರಿಗೆ ಹೇಳು: ಮೊದಲ ರೋಗಿಯ ಅನುಭವದಿಂದ ಬಂದ ವಾಕ್ಯ ಇದು ಎಂದು.

ಹಾಂ, ಈಚೆಗೆ ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಪಾದದ ಮೇಲೆ ಗೆರೆ ಬೀಳುವಷ್ಟು ಬಿಗಿಯಾಗುತ್ತದೆ. ಉಂಗುರವೂ ಬೆರಳಿನಿಂದ ಕಳಚುತ್ತಿಲ್ಲ. ತೂಕ ಇಳಿದಿದೆ ಎಂಬ ನಿನ್ನ ಊಹೆಗೆ ಒಂದು ತಪ್ಪು ಗುರುತು.

ದೊಡ್ಡಮ್ಮ


೨೭ ಮಾರ್ಚ್

ದೊಡ್ಡಮ್ಮ,

ಆ ಮಾತ್ರೆಯನ್ನು ಈ ಕ್ಷಣವೇ ನಿಲ್ಲಿಸಿ. ಒಂದನ್ನೂ ನುಂಗಬೇಡಿ.

ಫೋನು ಮಾಡಿದೆ. "ಕಿರುಚಬೇಡ, ಹೇಳೋದನ್ನ ಬರ್ದು ಕಳ್ಸು" ಎಂದು ಇಟ್ಟುಬಿಟ್ಟಿರಿ. ಬರೆದಿದ್ದೇನೆ, ಕೊರಿಯರಿನವರು ಎದುರಿಗೇ ನಿಂತಿದ್ದಾರೆ. ಹೊಲಿಗೆಯವರಿಗೂ ಫೋನು ಮಾಡಿದ್ದೇನೆ. ನೀವಿದನ್ನು ಓದುವ ಹೊತ್ತಿಗೆ ಅವರು ಆಟೋ ಕರೆದು ಬಾಗಿಲಲ್ಲಿ ನಿಂತಿರುತ್ತಾರೆ. ಅವರೊಡನೆ ಆಸ್ಪತ್ರೆಗೆ ಹೋಗಿ. ಮಾತ್ರೆಯ ಡಬ್ಬಿಯನ್ನು ಜೊತೆಗೆ ಒಯ್ಯಿರಿ.

ಮಂಡಿಯ ಉರಿಯೂತವೇ ಬೇರೆ, ಮೂತ್ರಪಿಂಡದ ಉರಿಯೂತವೇ ಬೇರೆ. ಪದ ಒಂದು, ಕಾಯಿಲೆ ಎರಡು. ಮಂಡಿಯ ಮಾತ್ರೆ ಇದನ್ನು ಶಮನ ಮಾಡುವುದಿಲ್ಲ. ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ತೆರೆದಿಡುವ ಒಂದು ರಸ ನಮ್ಮೊಳಗೆ ಇದೆ. ನೋವನ್ನು ಅಡಗಿಸುವ ಭರದಲ್ಲಿ ಆ ಮಾತ್ರೆ ಅದನ್ನೂ ಅಡಗಿಸುತ್ತದೆ. ಸಕ್ಕರೆಯಿಂದ ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ರಕ್ತವೇ ಕಡಿಮೆಯಾಗುತ್ತದೆ. ಪಾದದ ಗೆರೆಯೂ ಉಂಗುರವೂ ಹೇಳುತ್ತಿರುವುದು ಅದನ್ನೇ ಇರಬೇಕು.

ಕಾಗುಣಿತ ಆಮೇಲೆ ನೋಡೋಣ. ಹೊರಡಿ ದೊಡ್ಡಮ್ಮ.


೩೦ ಏಪ್ರಿಲ್

ಚಿ. ಕೊಂಬುಗೆ.

ಒಂದು ತಿಂಗಳು ಬರೆಯಲಿಲ್ಲ. ಮೊದಲ ವಾರ ಆಸ್ಪತ್ರೆಯ ಮಂಚದ ಮೇಲಿದ್ದೆ, ಬರೆಯಲಾಗಲಿಲ್ಲ. ಉಳಿದ ದಿನಗಳಲ್ಲಿ ಬರೆಯಬಹುದಾಗಿತ್ತು, ಬರೆಯಲಿಲ್ಲ. ನೀನು ಬಂದು ನಾಲ್ಕು ದಿನ ಪಕ್ಕದಲ್ಲಿ ಕುಳಿತಿದ್ದಾಗಲೂ ನಾನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದೆ. ನಿನ್ನ ಮೇಲಿನ ಸಿಟ್ಟೆಂದು ನೀನು ತಿಳಿದೆ. ಸಿಟ್ಟು ನಿಜ, ಅದು ನಿನ್ನ ಮೇಲಲ್ಲ.

ನೀನು ಬರುವ ಮೊದಲು ನಡೆದ ಒಂದು ಮಾತುಕತೆಯನ್ನು ನಿನಗೆ ಹೇಳಿರಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದ ಅಲ್ಲಿಯ ಡಾಕ್ಟರು ಹುಡುಗಿ ಕೇಳಿದಳು:

"ಅಜ್ಜಿ, ಈ ಮಾತ್ರೆ ಯಾರು ಬರ್ಕೊಟ್ಟಿದ್ದು?"

"ನಾನೇ ಬರ್ದಿದ್ದು."

"ಅಂದ್ರೆ, ನೀವು ಡಾಕ್ಟ್ರಾ?"

"ಅಲ್ಲ. ಕನ್ನಡ ಟೀಚರು."

ಆಕೆ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಾಗಿತ್ತು. ಡಬ್ಬಿಯ ಮೇಲಿನ ಚೀಟಿ ನನ್ನದು, ಕೈಪಿಡಿಯ ತಿದ್ದುಪಡಿ ನನ್ನದು. ನನ್ನ ಎರಡು ಬರಹಗಳು ಒಂದಕ್ಕೊಂದು ಸಾಕ್ಷಿ ಹೇಳಿದವು. ನಾನು ನ್ಯಾಯಾಧೀಶೆಯಂತೆ ಕುಳಿತು ನಂಬಿದೆ. ನಾನಾರ್ಥಕ ಪದಗಳೆಂದು ಪ್ರತಿ ವರ್ಷ ಒಂದು ಪಾಠ ಮಾಡುತ್ತಿದ್ದೆ. 'ಮಾತ್ರೆ' ಅದರಲ್ಲಿ ಇತ್ತು. 'ಉರಿಯೂತ' ಇರಲಿಲ್ಲ.

ಹಾನಿಯ ಲೆಕ್ಕ ನಿನಗೆ ಗೊತ್ತೇ ಇದೆ. ಮಾತ್ರೆಯಿಂದಾದುದು ಬಹುಮಟ್ಟಿಗೆ ಸರಿಹೋಗಿದೆಯಂತೆ. ಅದರ ಅಡಿಯಲ್ಲಿ ಇನ್ನೊಂದು ಹಾನಿ ಇತ್ತು, ಸಕ್ಕರೆಯದು. ಅದು ವರ್ಷಗಳಿಂದ ಸದ್ದಿಲ್ಲದೆ ನಡೆದು ಬಂದದ್ದು, ಸರಿಹೋಗದು. ನೀನು ಮೂರು ಸಲ ಕೇಳಿದ ಪರೀಕ್ಷೆ ಅದನ್ನು ಹಿಡಿಯಬೇಕಾಗಿತ್ತು. ಏಕೆ ಹೋಗಲಿಲ್ಲವೆಂದು ಈಗ ಹೇಳುತ್ತೇನೆ. ನಮ್ಮ ಪ್ರಯೋಗಾಲಯದ ಕಿಟಕಿಯಲ್ಲಿ ಸೀಸೆ ತೆಗೆದುಕೊಳ್ಳಲು ಕುಳಿತಿರುವವನು ನನ್ನ ಹಳೆಯ ವಿದ್ಯಾರ್ಥಿ. ನಾನು ತರಗತಿಗೆ ಬಂದರೆ ಎದ್ದು ನಿಲ್ಲುತ್ತಿದ್ದವನ ಕೈಗೆ ನನ್ನ ಮೂತ್ರದ ಸೀಸೆಯನ್ನು ಕೊಡುವುದು ಹೇಗೆ? ಕಾರಣ ಇಷ್ಟೇ. ಬರೆದಾಗ ಇನ್ನೂ ಸಣ್ಣದಾಗಿ ಕಾಣುತ್ತಿದೆ.

ಮಂಡಿಗಳು ಮತ್ತೆ ನೋಯುತ್ತಿವೆ. ಬಿಸಿನೀರಿನ ಚೀಲವೂ ನೀನು ಹೇಳಿಕೊಟ್ಟ ವ್ಯಾಯಾಮವೂ ನಡೆದಿವೆ.

ಔಷಧದಂಗಡಿಯವರ ಬಳಿ ಹೋಗಿ ಆ ಚೀಟಿಗಳನ್ನು ನಾನೇ ಕಿತ್ತುಬಂದೆ. ಆದರೆ ನಿನ್ನ ಕೈಪಿಡಿ ಅಚ್ಚಾಗಿ ಹೋಯಿತೆ? ನನ್ನ 'ಶಮನ' ಎಷ್ಟು ಮನೆಗಳಿಗೆ ಹೋಗಿದೆ? ಮೊದಲು ಅದಕ್ಕೆ ಉತ್ತರ ಬರೆ.

ದೊಡ್ಡಮ್ಮ


೮ ಮೇ

ಪೂಜ್ಯ ದೊಡ್ಡಮ್ಮನವರಿಗೆ ನಮಸ್ಕಾರಗಳು.

ಒಂದು ಮನೆಗೂ ಹೋಗಿಲ್ಲ. ನಿಮ್ಮ ಕರಡಚ್ಚು ಕೈಗೆ ಬಂದ ದಿನವೇ ಅಚ್ಚುಕೂಟಕ್ಕೆ ಹೇಳಿ ನಿಲ್ಲಿಸಿದೆ. ಹಿರಿಯ ಡಾಕ್ಟರು ದಿನವೂ ಕೇಳುತ್ತಿದ್ದಾರೆ. ನಾನು ಕಾಗುಣಿತದ ನೆಪ ಹೇಳುತ್ತಿದ್ದೇನೆ.

ನಾನೂ ಒಂದನ್ನು ಹೇಳಬೇಕು. ಮೊದಲ ಬರಹದಲ್ಲಿ ನೋವಿನ ಮಾತ್ರೆಗಳ ಬಗ್ಗೆ ಇಡೀ ಒಂದು ಪುಟ ಇತ್ತು. ನಿಮಗೆ ಕಳಿಸುವ ಮುಂಚೆ ತೆಗೆದುಬಿಟ್ಟೆ. ಮೂತ್ರಪಿಂಡದ ನಡುವೆ ಮಂಡಿನೋವು ಬಂದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆಯುತ್ತೀರಿ ಎಂದುಕೊಂಡೆ. ಇಷ್ಟು ವರ್ಷ ಓದಿ ಡಾಕ್ಟರಾದರೂ ಆ ಒಂದು ಪದದ ಹೆದರಿಕೆ ಹೋಗಿಲ್ಲ. 'ಶಮನ' ಎಂದು ನೀವು ತಿದ್ದಿದಾಗಲೂ ಒಂದು ಅಳುಕು ಇತ್ತು: ಈ ಉರಿಯೂತ ಶಮನವಾಗಿ ಮುಗಿಯುವಂಥದ್ದಲ್ಲ, ಸಕ್ಕರೆ, ರಕ್ತದೊತ್ತಡ, ಇದನ್ನು ಕೆರಳಿಸುವ ಹಲ್ಲಿನ ವಸಡಿನ ಸೋಂಕು, ಎಲ್ಲವನ್ನೂ ದಿನವೂ ನೋಡಿಕೊಳ್ಳುತ್ತ ಹತೋಟಿಯಲ್ಲಿ ಇಡುವಂಥದ್ದು. ತುಂಟ ಮಕ್ಕಳ ಹಾಗೆಯೇ. ನಿಮ್ಮ ವಾಕ್ಯ ಚೆನ್ನಾಗಿತ್ತು, ನನ್ನದು ನಿಜವಾಗಿತ್ತು. ನಾನು ಚೆನ್ನಾಗಿದ್ದುದನ್ನು ಆರಿಸಿಕೊಂಡೆ.

ಈಗ ಆ ಪುಟವನ್ನು ನೀವೇ ಬರೆದುಕೊಡಬೇಕು. ಔಷಧಶಾಸ್ತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಯಾರೂ ತಪ್ಪಾಗಿ ಓದಲಾಗದಂತೆ ಬರೆಯುವುದು ಹೇಗೆಂದು, ತಪ್ಪಾಗಿ ಓದಿದವರಿಗೆ ಗೊತ್ತಿರುತ್ತದೆ. ಇದನ್ನು ಚುಚ್ಚಲು ಬರೆದಿಲ್ಲ. ನನಗೆ ನಿಜಕ್ಕೂ ಬೇಕಾಗಿದೆ.

ನಿಮ್ಮ ಮಗಳು


೨ ಜೂನ್

ಚಿ. ಕೊಂಬುಗೆ ಆಶೀರ್ವಾದಗಳು.

ಪುಟವನ್ನು ಬರೆದಿದ್ದೇನೆ. ಅಲಂಕಾರವಿಲ್ಲ. ಓದು:

"ಇದರ ಹೆಸರು ಉರಿಯೂತ. ಆದರೆ ಇದು ಉರಿಯುವುದಿಲ್ಲ. ಮೊದಲಿಗೆ ಊದುವುದೂ ಇಲ್ಲ. ನೋಯುವುದೂ ಇಲ್ಲ. ಇದು ಇದೆಯೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಮೂತ್ರದ ಪರೀಕ್ಷೆಗೆ, ರಕ್ತದ ಪರೀಕ್ಷೆಗೆ ತಿಳಿಯುತ್ತದೆ. ಮಾಡಿಸಿ. ಮಂಡಿನೋವಿನ ಮಾತ್ರೆಯ ಮೇಲೂ ಉರಿಯೂತ ಎಂಬ ಪದ ಇರಬಹುದು. ಅದು ಮಂಡಿಯ ಉರಿಯೂತ. ಅದು ಬೇರೆ, ಇದು ಬೇರೆ. ಆ ಮಾತ್ರೆ ನಿಮ್ಮ ಮೂತ್ರಪಿಂಡಕ್ಕೆ, ಎಂದರೆ ಕಿಡ್ನಿಗೆ, ಔಷಧವಲ್ಲ. ಅದರಿಂದ ಕಿಡ್ನಿ ಕೆಡಬಹುದು. ನೋವಿದ್ದರೆ ವೈದ್ಯರನ್ನು ಕೇಳಿ. ಅವರು ನಿಮ್ಮ ಮನೆಯವರೇ ಆಗಿದ್ದರೂ ಬಾಯಿಬಿಟ್ಟು ಕೇಳಿ."

ಹೊಲಿಗೆಯವರನ್ನು ಕೂರಿಸಿಕೊಂಡು ಓದಿ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ, "ಒಂದೇ ಮಾತನ್ನ ಎಷ್ಟು ಸಲ ಹೇಳ್ತೀರಿ ಟೀಚರೇ" ಎಂದರು.

"ಅರ್ಥ ಆಯ್ತಾ?"

"ಆಗ್ದೆ ಏನು? ಮಂಡಿ ಮಾತ್ರೆ ಕಿಡ್ನಿಗಾಗಲ್ಲ, ಸೀಸೆ ಹಿಡ್ಕೊಂಡು ಹೋಗೋಕೆ ನಾಚ್ಕೋಬಾರ್ದು. ಅಷ್ಟೇ ತಾನೆ?"

ನಾಚಿಕೆಯ ಮಾತು ಬರಹದಲ್ಲಿ ಎಲ್ಲಿಯೂ ಇಲ್ಲ. ಆಕೆ ಅದನ್ನು ನನ್ನ ಮುಖದಲ್ಲಿ ಓದಿಕೊಂಡರು. ಪುನರುಕ್ತಿಗಳನ್ನು ಯಾರೂ ಮುಟ್ಟಕೂಡದೆಂದು ಅಚ್ಚುಕೂಟಕ್ಕೆ ಹೇಳು. ಮೂರನೆಯ ಪುಟದಲ್ಲಿ 'ಹತೋಟಿಯಲ್ಲಿ ಇಟ್ಟುಕೊಂಡರೆ' ಎಂದೇ ಇರಲಿ. ಜನವರಿಯಲ್ಲಿ ನಾನು ಹೊಡೆದುಹಾಕಿದ "ವೈದ್ಯರನ್ನು ಕೇಳಿ" ಎಂಬುದನ್ನೂ ಅದರ ಜಾಗದಲ್ಲಿ ಕೂರಿಸು. ನೀನು ತೆಗೆದುಹಾಕಿದ ಪುಟವನ್ನು ಕಳಿಸಿದ್ದರೆ ನಾನು 'ವಿಷಯಾಂತರ' ಎಂದೇ ಬರೆಯುತ್ತಿದ್ದೆ. ನಿನ್ನ ಊಹೆ ಸರಿ. ಆದರೂ ಕಳಿಸಬೇಕಾಗಿತ್ತು.

ಈ ಬೆಳಗ್ಗೆ ಪ್ರಯೋಗಾಲಯಕ್ಕೆ ಹೋಗಿದ್ದೆ. ಕಿಟಕಿಯಲ್ಲಿದ್ದವನು ನನ್ನನ್ನು ಕಂಡು ದಡಕ್ಕನೆ ಎದ್ದು ನಿಂತ.

"ಮೇಡಂ, ನೀವ್ಯಾಕೆ ಬರೋಕೆ ಹೋದ್ರಿ? ಹೇಳಿ ಕಳ್ಸಿದ್ರೆ ಮನೆಗೇ ಬರ್ತಿದ್ನಲ್ಲ."

"ಕೂತ್ಕೋ. ಮೊದ್ಲು ಇದನ್ನ ತಗೋ."

ಎರಡೂ ಕೈ ಚಾಚಿ ತೆಗೆದುಕೊಂಡ. ಚೀಟಿ ಬರೆದು ಸೀಸೆಗೆ ಅಂಟಿಸಿದ. ನೋಡಿದೆ.

"ಇಲ್ಲಿ ನೋಡಪ್ಪ. 'ಮುತ್ರ' ಅಂತ ಬರ್ದಿದ್ದೀಯ. ದೀರ್ಘ ಎಲ್ಲಿ?"

"ಅಯ್ಯೋ, ಸಾರಿ ಮೇಡಂ." ನಾಲಿಗೆ ಕಚ್ಚಿಕೊಂಡು ತಿದ್ದಿದ. ತಿಂಗಳುಗಟ್ಟಲೆ ನಾನು ಹೆದರಿದ್ದು ಈ ಹುಡುಗನಿಗೆ!

ಪರೀಕ್ಷೆಯ ಫಲ ಬರಲು ಎರಡು ದಿನ ಬೇಕಂತೆ. ಕಾಯಬಹುದಾಗಿತ್ತು, ಬರೆಯಬೇಕೆನಿಸಿತು. ಕಾಗದದ ಮೊದಲಲ್ಲಿ ಏನೋ ಬಿಟ್ಟುಹೋಗಿದೆ ಎಂದು ನಿನಗೆ ಅನ್ನಿಸಿರಬಹುದು. ಮರೆವಲ್ಲ. 'ಇಲ್ಲಿ ಕ್ಷೇಮ' ಎಂದು ಬರೆಯುವುದನ್ನು ನಿನಗೆ ಕಲಿಸಿದವಳು ನಾನೇ. ಜನವರಿಯಿಂದ ಮಾರ್ಚಿನವರೆಗೆ ಪ್ರತಿ ಕಾಗದದಲ್ಲೂ ಅದನ್ನು ಬರೆದೆ, ಒಂದು ಸಲವೂ ಅದರ ಅರ್ಥವನ್ನು ನೋಡಲಿಲ್ಲ. ಅರ್ಥ ನೋಡದೆ ಪದ ಬಳಸಿದವರ ಅಂಕವನ್ನು ಕತ್ತರಿಸುತ್ತಿದ್ದವಳು ನಾನು.

ಆದ್ದರಿಂದ ಆ ಜಾಗ ಖಾಲಿಯಿರಲಿ. ಫಲ ಬಂದ ದಿನ ಅದರಲ್ಲಿ ಏನಿದೆಯೋ ಅದನ್ನೇ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ಒಳ್ಳೆಯದಿದ್ದರೆ ಒಳ್ಳೆಯದು, ಕೆಟ್ಟದ್ದಿದ್ದರೆ ಕೆಟ್ಟದ್ದು. ಕ್ಷೇಮ ಎಂದು ಬರೆದಿದ್ದರೆ, ಈ ಸಲ ನಂಬು.

ದೊಡ್ಡಮ್ಮ